ಮಡಿಗೆ ಬಂದ ಕೈಪಟ್ಟಿ

ಮನುಷ್ಯ ಬೇರೆ ಯಾರ ಮುಂದೆ ಬೇಕಾದರೂ ಸುಳ್ಳು ಹೇಳಲಿ, ವೈದ್ಯರ ಮುಂದೆ ಹೇಳಬಾರದು. ಅಲ್ಲಿ ಹೇಳಿದ ಸುಳ್ಳು ನಾಲಿಗೆಯಿಂದ ಹೊರಟು ಔಷಧದ ರೂಪದಲ್ಲಿ ಅದೇ ಹೊಟ್ಟೆಗೆ ವಾಪಸು ಬರುತ್ತದೆ. ಇದು ಸರ್ವಕಾಲಕ್ಕೂ ಒಪ್ಪತಕ್ಕ ಮಾತು. ಆದರೆ ಇದನ್ನು ಪಾಲಿಸಿದ ರೋಗಿ ಒಬ್ಬನನ್ನೂ ನಾನು ಈವರೆಗೆ ನೋಡಿಲ್ಲ. ಸಕ್ಕರೆ ಕಾಯಿಲೆಯ ಡಾಕ್ಟರ ಎದುರು ಹೋಳಿಗೆಯ ಸುದ್ದಿಯನ್ನು ನಾನೂ ಎತ್ತಿದವನಲ್ಲ.

ನಮ್ಮ ಭಾವ, ಅಂದರೆ ನನ್ನ ಅಕ್ಕನ ಯಜಮಾನರು, ಈ ವಿಷಯದಲ್ಲಿ ನಮ್ಮೆಲ್ಲರನ್ನೂ ಮೀರಿಸಿದವರು. ಅವರು ಬಾಯಿಂದ ಸುಳ್ಳು ಹೇಳುವವರೇ ಅಲ್ಲ. ಇಡೀ ದೇಹದಿಂದ ಹೇಳುತ್ತಿದ್ದರು.

ಭಾವ ಭದ್ರಾವತಿಯ ಹೈಸ್ಕೂಲೊಂದರಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮನೆ ಓಲ್ಡ್ ಟೌನಿನಲ್ಲಿ. ಪಾಠದ ಜೊತೆಗೆ ಪೌರೋಹಿತ್ಯವೂ ಇದ್ದುದರಿಂದ ಹಳೇ ಊರಿನ ಮನೆಗಳಿಂದ ಹಿಡಿದು ಕಾರ್ಖಾನೆಯ ಕ್ವಾರ್ಟರ್ಸಿನವರೆಗೆ ಎಲ್ಲರೂ ಧರ್ಮಸಂದೇಹಕ್ಕೆ ಬರುತ್ತಿದ್ದುದು ಅವರ ಜಗಲಿಗೇ. ಕೆಲವು ವರ್ಷಗಳ ಹಿಂದೆ ಅವರ ಬಲಗೈ, ಸುಮ್ಮನಿದ್ದಾಗ, ತಾನೇ ತಾನಾಗಿ ಜಪ ಮಾಡತೊಡಗಿತು. ಹೆಬ್ಬೆರಳೂ ತೋರುಬೆರಳೂ ಮಣಿ ಎಣಿಸುವಂತೆ ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು. ಮನೆಗೆ ಬಂದವರು, ನಿವೃತ್ತಿಯ ಮೇಲೆ ಮೇಷ್ಟ್ರಿಗೆ ದೈವಭಕ್ತಿ ಹೆಚ್ಚಿದೆ ಎಂದು ತಿಳಿದು ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು. ಅಕ್ಕ ಒಬ್ಬಳೇ ಕೇಳಿದಳು: “ರೀ, ಕ್ರಿಕೆಟ್ ನೋಡುವಾಗ ಎಂಥ ಜಪ ನಿಮ್ಮದು?”

ಪಾರ್ಕಿನ್ಸನ್ ಕಾಯಿಲೆ ಪತ್ತೆಯಾದದ್ದು ಹಾಗೆ. ಭಾವ ಅದನ್ನು ಆ ಹೆಸರಿನಿಂದ ಕರೆದವರಲ್ಲ. ಕಂಪವಾತ ಎಂದರು. ಹೆಸರು ಸಂಸ್ಕೃತಕ್ಕೆ ಬಂದ ಮೇಲೆ ಕಾಯಿಲೆ ಅರ್ಧ ಹತೋಟಿಗೆ ಬಂತೆಂದು ಅವರ ನಂಬಿಕೆ.

ಔಷಧ ಶಿವಮೊಗ್ಗದಲ್ಲಿ. ನಾನಿರುವುದು ಅಲ್ಲಿಯ ರವೀಂದ್ರನಗರದಲ್ಲಿ, ನನ್ನ ಬಳಿ ಒಂದು ಹಳೆಯ ಕಾರಿದೆ, ನನಗೂ ಪಿಂಚಣಿ ಬಂದಿದೆ. ಹೀಗಾಗಿ ಭದ್ರಾವತಿಗೆ ಹೋಗಿ ಅವರನ್ನು ಕರೆತಂದು ತೋರಿಸಿ ಬಿಟ್ಟುಬರುವ ಉದ್ಯೋಗ ಅರ್ಜಿ ಹಾಕದೆಯೇ ನನಗೆ ಸಿಕ್ಕಿತು. ನರರೋಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆರಳು ಬಡಿಯಲು ಹೇಳಿದರೆ ಭಾವ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಸರಸರನೆ ಓಡಿಸುತ್ತಿದ್ದರು. ಐವತ್ತು ವರ್ಷ ಗಾಯತ್ರಿ ಎಣಿಸಿದ ಕೈ ಅದು. ನಡೆಯಲು ಹೇಳಿದರೆ ಪೂರ್ಣಕುಂಭದ ಹಿಂದೆ ಸ್ವಾಮಿಗಳು ನಡೆಯುವಂತೆ ನಡೆಯುತ್ತಿದ್ದರು. “ಹೇಗಿದೀರಿ ಸರ್?” ಎಂದರೆ, “ನಿಮ್ಮ ದಯದಿಂದ ಏನೂ ತೊಂದ್ರೆ ಇಲ್ಲ ತಾಯಿ.” ಡಾಕ್ಟರು ಅದೇ ಚೀಟಿ ಮುಂದುವರಿಸುತ್ತಿದ್ದರು.

ಮನೆಯಲ್ಲಿ ತೊಂದರೆ ಇತ್ತು. ಅದು ದೊಡ್ಡದೇ.

ಭಾವನ ಮನೆಯ ದೇವರು ತಲೆತಲಾಂತರದಿಂದ ಬಂದವು: ಒಂದು ಪೆಟ್ಟಿಗೆ, ಅದರೊಳಗೆ ಸಾಲಿಗ್ರಾಮ, ಒಂದು ಹಿತ್ತಾಳೆಯ ಗಣಪತಿ, ಬಲಮುರಿಯಲ್ಲದಿದ್ದರೂ ಆ ಗಾಂಭೀರ್ಯವಿರುವ ಒಂದು ಶಂಖ. ದಿನಾ ಬೆಳಿಗ್ಗೆ ಮನೆತನದ ಹಿರಿಯ ಮಗ, ಅಂದರೆ ಭಾವ, ಅಭಿಷೇಕ ಮಾಡಬೇಕು. ಅವರು ಅದನ್ನು ಜ್ವರ ಬಂದಾಗಲೂ ತಪ್ಪಿಸಿದವರಲ್ಲ. ಒಂದು ಬೆಳಿಗ್ಗೆ ಆ ಶಂಖ ಕೈಜಾರಿ ಬಿತ್ತು. ಒಡೆಯಲಿಲ್ಲ. ಆದರೆ ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ, “ಇನ್ನೊಂದು ಸಲ ಹೀಗಾದ್ರೆ ದೇವರನ್ನ ತಮ್ಮನ ಮನೆಗೆ ಕಳಿಸಿಬಿಡೋದು” ಎಂದರು. ಭಾವನ ತಮ್ಮನ ಮನೆ ಶಿವಮೊಗ್ಗದ ರಾಗಿಗುಡ್ಡದ ಕಡೆ. ಅಲ್ಲಿ ದೇವರ ಕೋಣೆಗೆ ಗ್ರಾನೈಟ್ ಹಾಕಿಸಿ, ಬಣ್ಣ ಬದಲಾಯಿಸುವ ದೀಪ ಕೂರಿಸಿ, ಪೆಟ್ಟಿಗೆಯ ದಾರಿ ಕಾಯುತ್ತಿದ್ದರು. ಅಕ್ಕ ಅಂದು ಸಂಜೆ ನನಗೆ ಫೋನ್ ಮಾಡಿದಳು. “ದೇವರು ಎಲ್ಲಿದ್ರೂ ದೇವರೇ ಕಣೋ. ಆದ್ರೆ ಪೆಟ್ಟಿಗೆ ಹೋದ ಮಾರನೇ ದಿನ ಇವರು ಹಾಸಿಗೆಯಿಂದ ಏಳಲ್ಲ. ಯಾಕೆ ಏಳಬೇಕು ಹೇಳು?”

ಗಣಿತದ ಮೇಷ್ಟ್ರಾಗಿದ್ದ ನಾನು, ಡಾಕ್ಟರ ಮುಂದಿನ ಭೇಟಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸಿ ಹೇಳಿದೆ.

ಮುಂದಿನ ಭೇಟಿಯಲ್ಲಿ ಭಾವ ಎಂದಿನಂತೆ ಪ್ರಥಮ ದರ್ಜೆಯಲ್ಲಿ ಪಾಸಾಗಿ ಹೊರಟರು. ಆಸ್ಪತ್ರೆಯ ಗಾಜಿನ ಬಾಗಿಲಿನ ಹತ್ತಿರ ಅವರ ಕಾಲು ನಿಂತುಬಿಟ್ಟಿತು. ಮೈ ಮುಂದೆ ಹೋಗಲು ನೋಡುತ್ತಿದೆ, ಪಾದ ನೆಲಕ್ಕೆ ಅಂಟಿದೆ. ಹಿಂದೆ ಸ್ಟ್ರೆಚರ್ ಬಂತು, ಗಾಲಿಕುರ್ಚಿ ಬಂತು, ಕಾಫಿ ಫ್ಲಾಸ್ಕ್ ಹಿಡಿದವರು ಬಂದರು. ಎಲ್ಲರೂ ಭಾವನ ಹಿಂದೆ ಸರತಿಯಲ್ಲಿ ನಿಂತರು. ಅಕ್ಕ ಅವರ ಮುಂದೆ ತನ್ನ ಪಾದವನ್ನು ಅಡ್ಡ ಇಟ್ಟಳು. ಅದನ್ನು ದಾಟುವುದಕ್ಕೆ ಭಾವ ಕಾಲೆತ್ತಿದರು, ಹೊರಟರು. ಮನೆಯಲ್ಲಿ ಪ್ರತಿ ಹೊಸ್ತಿಲಿನ ಈಚೆಗೂ ಅವಳು ರಂಗೋಲಿಯ ಒಂದು ಗೆರೆ ಎಳೆಯುತ್ತಿದ್ದುದು ಇದಕ್ಕೇ ಎಂದು ನನಗೆ ಆಗ ಹೊಳೆಯಿತು. ಭಾವ ರಂಗೋಲಿ ತುಳಿಯುವವರಲ್ಲ.

ಸರತಿಯಲ್ಲಿ ಡಾಕ್ಟರೂ ಇದ್ದರು. ಅವರು ಮುಂದೆ ಬಂದು ಹೇಳಿದರು: “ಸರ್, ನನ್ನ ರೂಮಿಗೆ ಬಂದವರು ಬೇರೆ, ಇಲ್ಲಿ ನಿಂತವರು ಬೇರೆ. ನನಗೆ ಬೇಕಾಗಿರೋರು ಇವರು. ಒಳಗೆ ಬನ್ನಿ.”

ಒಳಗೆ ಅಕ್ಕ ಶಂಖ ಬಿದ್ದ ಸುದ್ದಿಯನ್ನೂ ಹೇಳಿಬಿಟ್ಟಳು. ಡಾಕ್ಟರು ಭಾವನ ಬಲ ಮಣಿಕಟ್ಟಿಗೆ ಒಂದು ಕಪ್ಪು ಪಟ್ಟಿ ಕಟ್ಟಿದರು. ನೋಡಲು ಗಡಿಯಾರ, ಗಂಟೆ ತೋರಿಸುವುದಿಲ್ಲ. ಕೈ ಎಷ್ಟು ಬೇಗ ಹೊರಡುತ್ತದೆ, ಎಷ್ಟು ನಿಧಾನಿಸುತ್ತದೆ, ಯಾವಾಗ ನಡುಗುತ್ತದೆ, ಯಾವಾಗ ಬೇಡದಿದ್ದರೂ ಆಡುತ್ತದೆ ಎಂಬುದನ್ನೆಲ್ಲ ಅದು ಹಗಲೂ ರಾತ್ರಿ ಗುರುತು ಹಾಕಿಕೊಳ್ಳುತ್ತದಂತೆ. ಒಂದು ವಾರ ಕಟ್ಟಿಕೊಂಡಿದ್ದು ತಂದುಕೊಟ್ಟರೆ, ಮಾತ್ರೆ ಯಾವ ಹೊತ್ತಿಗೆ ಹಿಡಿಯುತ್ತದೆ, ಯಾವ ಹೊತ್ತಿಗೆ ಬಿಡುತ್ತದೆ ಎಂದು ತಿಳಿಯುತ್ತದೆ.

“ಮಾತ್ರೆ ಹೊತ್ತಿಗೆ ಗುಂಯ್ ಅನ್ನುತ್ತೆ. ನುಂಗಿದ ಮೇಲೆ ಈ ಗುಂಡಿ ಒತ್ತಬೇಕು” ಎಂದರು ಡಾಕ್ಟರು.

“ಇದು ಮಾತಾಡುತ್ತಾ?” ಭಾವ ಕೇಳಿದರು.

“ಇಲ್ಲ ಸರ್. ಫೋಟೋನೂ ತೆಗಿಯಲ್ಲ. ನೀವು ಹೇಗಿದೀರಿ ಅಂತ ಕೇಳೋದೂ ಇಲ್ಲ.”

ಕೊನೆಯ ಮಾತು ಭಾವನಿಗೆ ತಾಗಿತು. ಅದು ಅಂಥ ಉದ್ದೇಶದಿಂದಲೇ ಹೊರಟದ್ದೆಂದು ನನಗೆ ಅನ್ನಿಸಿ, ಆ ಹೆಣ್ಣುಮಗಳ ಮೇಲೆ ಗೌರವ ಮೂಡಿದ್ದು ಅಂದಿನಿಂದ.

ವಾರದ ನಂತರ ಡಾಕ್ಟರು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನಾನು ಮೂರು ದಶಕ ಗ್ರಾಫ್ ಕಲಿಸಿದವನು. ಯಾರೂ ಕೇಳದಿದ್ದರೂ ಅದನ್ನು ಅಕ್ಕನಿಗೆ ವಿವರಿಸತೊಡಗಿದೆ. ಈ ಗೆರೆ ಕೆಳಗಿದ್ದರೆ ಕೈ ಬಿಗಿದಿದೆ, ಮೇಲಿದ್ದರೆ ಕೈ ವಿಪರೀತ ಆಡುತ್ತಿದೆ. ಮಧ್ಯಾಹ್ನ, ಸಂಜೆ ಎಲ್ಲ ಅಂಥ ತಕರಾರಿಲ್ಲ. ಬೆಳಿಗ್ಗೆ ಮಾತ್ರ ಗೆರೆ ಆಕಾಶಕ್ಕೆ ಹಾರಿತ್ತು. ಆರು ಗಂಟೆಗೆ ಮಾತ್ರೆಯ ಗುಂಡಿ ಒತ್ತಿದ ಗುರುತು. ಅಲ್ಲಿಂದಾಚೆ ಕೈಗೆ ಒಂದು ಗಳಿಗೆಯೂ ಪುರಸೊತ್ತಿಲ್ಲ. ದಿನಾ ಹೀಗೇ.

“ಬೆಳಗಿನ ಡೋಸ್ ಜಾಸ್ತಿ ಆಗ್ತಿದೆ” ಎಂದರು ಡಾಕ್ಟರು. “ಔಷಧ ಹೆಚ್ಚಾದಾಗ ಮೈ ತಾನಾಗೇ ಓಲಾಡುತ್ತೆ. ಶಂಖ ಬಿದ್ದಿದ್ದೂ ಇದಕ್ಕೇ ಇರಬಹುದು. ಬೆಳಗಿನ ಮಾತ್ರೆ ಅರ್ಧ ಮಾಡೋಣ.”

“ಸ್ಪಷ್ಟವಾಗಿದೆ” ಎಂದು ನಾನು ಅನುಮೋದಿಸಿದೆ.

ಭಾವ ಗೋಡೆಯ ಮೇಲಿದ್ದ ಮಿದುಳಿನ ಚಿತ್ರ ನೋಡುತ್ತಿದ್ದರು. ಅಕ್ಕ ಪರದೆಯ ಹತ್ತಿರಕ್ಕೆ ಮುಖ ತಂದು, “ಇದು ಬೆಳಗಿನ ಹೊತ್ತಿಂದಾ?” ಎಂದಳು.

“ಹೌದಮ್ಮ.”

“ಆಗ ಅದು ನನ್ನ ಕೈಲಿರುತ್ತಲ್ಲ ತಾಯಿ.”

ಡಾಕ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು.

ಅಕ್ಕ ವಿವರಿಸಿದಳು. ಇವರು ಸ್ನಾನ ಮಾಡಿ ಮಡಿ ಉಟ್ಟು ಪೂಜೆಗೆ ಕೂರುತ್ತಾರೆ. ಮಡಿಯಲ್ಲಿ ಪಟ್ಟಿ ಆಗುವುದಿಲ್ಲ. ಬಿಚ್ಚಿಡೋಣವೆಂದರೆ ಹಗಲೂ ರಾತ್ರಿ ಕೈಯಲ್ಲೇ ಇರಬೇಕೆಂದು ಡಾಕ್ಟರ ಆಜ್ಞೆ. ಎರಡಕ್ಕೂ ಚ್ಯುತಿ ಬಾರದಂತೆ, ಪೂಜೆ ಮುಗಿಯುವವರೆಗೆ ಅದನ್ನು ತಾನು ಕಟ್ಟಿಕೊಂಡಿದ್ದಳು. “ಖಾಲಿ ಬಿಡಬಾರದಲ್ಲ. ಹೇಗೂ ಗಂಡ ಹೆಂಡತಿ” ಎಂದಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗತೊಡಗಿದರು. ನಕ್ಕು ಸುಧಾರಿಸಿಕೊಂಡು ಪರದೆಯ ಮೇಲೆ ಬೆರಳಿಟ್ಟರು. “ಇಲ್ಲಿ ಏನು ಮಾಡ್ತಿದ್ರಿ?”

“ಅಂಗಳ ಗುಡಿಸಿ ರಂಗೋಲಿ.”

“ಇದು?”

“ಮೊಸರು ಕಡೆದಿರಬೇಕು.”

“ಇಲ್ಲಿ ಒಂದೇ ಸಮ ನಡುಗಿದ ಹಾಗಿದೆ?”

“ಜರಡಿ ಹಿಡಿದಿದ್ದೆ. ಅವತ್ತು ಅಕ್ಕಿ ರೊಟ್ಟಿ.”

ಭಾವ ಮಿದುಳಿನ ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದರು: “ಒಟ್ನಲ್ಲಿ ಇವಳಿಗೆ ಮಾತ್ರೆ ಕಮ್ಮಿ ಮಾಡಿ.”

ನಾವೆಲ್ಲ ನಕ್ಕೆವು. ಆದರೆ ನಾನು ಆ ಗೆರೆಯನ್ನು ಇನ್ನೊಮ್ಮೆ ನೋಡಿದೆ. ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳ ಬೆಳಗು ಅಲ್ಲಿತ್ತು, ಮತ್ತು ಅದು ಎಲ್ಲೂ ಕೂತಿರಲಿಲ್ಲ. ಚಿಕ್ಕಂದಿನಿಂದ ಅವಳನ್ನು ನೋಡಿಕೊಂಡು ಬಂದ ನನಗೆ ಅದು ಕಾಣಲು ಒಂದು ಯಂತ್ರವೂ, ಅದನ್ನು ರೋಗವೆಂದು ತಿಳಿದ ಒಬ್ಬ ತಜ್ಞೆಯೂ ಬೇಕಾದರು.

ಡಾಕ್ಟರು ಕನ್ನಡಕ ಹಾಕಿಕೊಂಡರು. “ಸರ್, ಈಗ ಕೆಲಸದ ಮಾತು. ಶಂಖ ಬಿದ್ದಿದ್ದು ಪೂಜೆ ಹೊತ್ತಲ್ಲಿ. ನನಗೆ ಗೊತ್ತಿಲ್ಲದೆ ಇರೋದೂ ಅದೊಂದೇ ಹೊತ್ತು. ಅದನ್ನ ನೋಡದೆ ಮಾತ್ರೆ ಮುಟ್ಟಕ್ಕೆ ನನಗೆ ಧೈರ್ಯ ಇಲ್ಲ. ಮಡಿ ಬಿಡಿ ಅಂತ ನಾನು ಹೇಳಲ್ಲ. ದಾರಿ ನೀವೇ ಹುಡುಕಬೇಕು.”

“ಅದೊಂದು ಹೊತ್ತು ಬಿಟ್ಟು ಉಳಿದಿದ್ದೆಲ್ಲ ನೋಡ್ಕೊಳ್ಳಿ ತಾಯಿ” ಎಂದರು ಭಾವ. ಪಟ್ಟಿ ಮತ್ತೆ ಅವರ ಕೈಗೆ ಬಂತು, ಒಪ್ಪಿಗೆ ಬರಲಿಲ್ಲ.

ಕಾರಿನಲ್ಲಿ ವಾಪಸು ಹೊರಟೆವು. ಭದ್ರಾವತಿ ಹತ್ತಿರವಾದಂತೆ ಹಿಂದಿನ ಸೀಟಿನಿಂದ ಅಕ್ಕ ಶುರುಮಾಡಿದಳು.

“ಮಡಿ ಮಡಿ ಅಂತ ಡಾಕ್ಟರಿಗೆ ಹೇಳಿ. ನನಗೆ ಬೇಡ. ಮೊದಲು ಬಾಗಿಲು ತೆಗೆದು ಪೂಜೆ ಮಾಡ್ತಿದ್ರಿ. ಈಗ ಯಾಕೆ ಹಾಕ್ಕೊಳ್ತೀರಿ?”

“ಏಕಾಗ್ರತೆಗೆ.”

“ಏಕಾಗ್ರತೆ! ಉದ್ಧರಣೆ ನೆಲಕ್ಕೆ ಬೀಳೋ ಸದ್ದು ಅಡುಗೆಮನೆಗೆ ಕೇಳುತ್ತೆ. ದಿನಾ ಕೇಳುತ್ತೆ.”

ಉದ್ಧರಣೆ ಎಂದರೆ ಅಭಿಷೇಕದ ನೀರೆತ್ತುವ ಪುಟ್ಟ ಚಮಚ. ಭಾವ ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು. ನನ್ನ ಕಡೆ ತಿರುಗಿ, ನಾನೇ ಕೇಳಿದೆನೋ ಎಂಬಂತೆ ಹೇಳಿದರು: “ಅದು ನೋಡಿಬಿಟ್ರೆ ಮುಗೀತು ಮಾರಾಯ. ಯಂತ್ರ ಹೇಳುತ್ತೆ, ಡಾಕ್ಟರು ಹೇಳ್ತಾರೆ, ಆಮೇಲೆ ಇವಳೂ ಹೇಳ್ತಾಳೆ. ಇನ್ನು ಸಾಕು, ಪೆಟ್ಟಿಗೆ ಕೊಟ್ಟುಬಿಡಿ ಅಂತ.”

“ನಾನು ಯಾವತ್ತಾದ್ರೂ ಸಾಕು ಅಂದಿದೀನಾ?” ಅಕ್ಕ ಮುಂದಿನ ಸೀಟು ಹಿಡಿದು ಮುಂದಕ್ಕೆ ಬಾಗಿದಳು. “ಮದುವೆಯಾಗಿ ಇಷ್ಟು ವರ್ಷದಲ್ಲಿ, ಯಾವುದಕ್ಕಾದ್ರೂ?”

ಭಾವ ಮುಚ್ಚಿಕೊಂಡಿದ್ದ ಬಲಗೈಯನ್ನು ಬಿಟ್ಟು, ಮಣಿಕಟ್ಟಿನ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರು.

ಮಾರನೇ ಬೆಳಿಗ್ಗೆ ಅವರ ಫೋನು ಬಂತು. ಸುಪ್ರೀಂ ಕೋರ್ಟಿನ ಗಾಂಭೀರ್ಯ. “ನೋಡು, ರಾತ್ರಿ ಯೋಚನೆ ಮಾಡ್ದೆ. ಆ ಪಟ್ಟಿ ಚರ್ಮದ್ದಲ್ಲ. ರಬ್ಬರು. ರಬ್ಬರ್ ಅಂದ್ರೆ ಏನು?”

“ಏನು ಭಾವ?”

“ಮರದ ಹಾಲು. ಮರದ ಹಾಲಿಗೆ ಮೈಲಿಗೆ ಎಲ್ಲಿಂದ ಬರಬೇಕು? ಅದಕ್ಕೆ ನೀರು ತಾಗಬಹುದಾ ಅಂತ ಆ ಡಾಕ್ಟ್ರಮ್ಮನ್ನ ಕೇಳು. ತಾಗಬಹುದು ಅಂದ್ರೆ ನನ್ನ ಜೊತೆ ಅದಕ್ಕೂ ಸ್ನಾನ.”

ನೀರು ತಾಗಬಹುದೆಂದು ಡಾಕ್ಟರು ಹೇಳಿದರು. ಪಟ್ಟಿ ನಿಜವಾಗಿ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ನಾನು ವಿಚಾರಿಸಲಿಲ್ಲ. ತೀರ್ಪು ಹೊರಬಿದ್ದ ಮೇಲೆ ಸಾಕ್ಷಿಯನ್ನು ಕೆದಕುವುದು ಸಭ್ಯತೆಯಲ್ಲ. ಅಕ್ಕ ಹಳೆಯ ಪಟ್ಟೆಮಡಿಯ ಅಂಚು ಕತ್ತರಿಸಿ ಅದಕ್ಕೊಂದು ಮೇಲುಹೊದಿಕೆ ಹೊಲಿದಳು. ಯಂತ್ರಕ್ಕೆ ಉಪನಯನವೊಂದು ಬಾಕಿ.

ಆ ವಾರದಲ್ಲಿ ಒಂದು ದಿನ ನಾನು ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ದೇವರ ಕೋಣೆಯ ಬಾಗಿಲು ತೆಗೆದಿತ್ತು. ನಾನು ನಡುಮನೆಯಲ್ಲಿ ಪೇಪರ್ ಹಿಡಿದು ಕೂತೆ. ಓದಿದ್ದು ಏನೂ ಇಲ್ಲ.

ಭಾವ ಉದ್ಧರಣೆಯಲ್ಲಿ ನೀರೆತ್ತಿದರು. ಕೈ ಪಾತ್ರೆಯಿಂದ ಹೊರಟು, ಸಾಲಿಗ್ರಾಮ ಇನ್ನೂ ಗೇಣು ದೂರವಿರುವಾಗ, ಯಾವ ಕೆಲಸಕ್ಕೆ ಹೊರಟಿದ್ದೆಂದು ಮರೆತಂತೆ ಗಾಳಿಯಲ್ಲಿ ನಿಂತಿತು. ಅವರು ಅದನ್ನು ಬೈಯಲಿಲ್ಲ, ಎಡಗೈಯಿಂದ ತಳ್ಳಲೂ ಇಲ್ಲ. ಅದೇ ಮಂತ್ರವನ್ನು ಮೊದಲಿಂದ ಹೇಳಿದರು. ಮತ್ತೆ ಹೇಳಿದರು. ದಡ್ಡ ಹುಡುಗ ಉತ್ತರ ಹೇಳುವವರೆಗೆ ಕಾಯುವ ಒಳ್ಳೆಯ ಮೇಷ್ಟ್ರು ಹೇಗಿರುತ್ತಾರೋ ಹಾಗೆ ಕಾದರು. ಕೈ ಕೊನೆಗೆ ಹೋಗಿ ಮುಟ್ಟಿತು. ಅರ್ಧ ನೀರು ದೇವರಿಗೆ, ಅರ್ಧ ಪಂಚೆಗೆ. ಇಷ್ಟು ತಾಳ್ಮೆ ನನ್ನ ತರಗತಿಯಲ್ಲಿ ನಾನು ಒಂದು ದಿನವೂ ತೋರಿಸಿದ ನೆನಪಿಲ್ಲ.

ಆಗ ಪಟ್ಟಿ ಗುಂಯ್ ಎಂದಿತು. ಆರು ಗಂಟೆ. ಪಟ್ಟೆಬಟ್ಟೆಯೊಳಗೆ ದುಂಬಿ ಸಿಕ್ಕಿಕೊಂಡ ಸದ್ದು. ಅಡುಗೆಮನೆಯಲ್ಲಿ ಅಕ್ಕ ಅಭ್ಯಾಸಬಲದಿಂದ ತನ್ನ ಬರಿ ಮಣಿಕಟ್ಟು ಮುಟ್ಟಿಕೊಂಡಳು. ಭಾವ ಪಟ್ಟಿಯ ಕಡೆ ಒಂದು ಸಲ ನೋಡಿ ಅಭಿಷೇಕ ಮುಂದುವರಿಸಿದರು. ಅದು ಮತ್ತೆ ಗುಂಯ್ ಎಂದಿತು. ಪೂಜೆ ಮುಗಿದು, ತೀರ್ಥ ತೆಗೆದುಕೊಂಡು, ಅವರು ಎದ್ದು ಬಂದು ಬಟ್ಟಲಿನಲ್ಲಿ ಕಾಯುತ್ತಿದ್ದ ಮಾತ್ರೆ ನುಂಗಿ ಗುಂಡಿ ಒತ್ತುವ ಹೊತ್ತಿಗೆ ಬಿಸಿಲು ಜಗಲಿಗೆ ಬಂದಿತ್ತು.

ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಗ್ರಾಫ್ ಕಲಿಸಿದವನ ಯೋಗ್ಯತೆ.

ವಾರ ಮುಗಿಸಿ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರಿಗೆ ಕಂಡಿತು. ಪರದೆಯ ಮೇಲೆ ಬೆಳಗಿನ ಗೆರೆ ಈ ಸಲ ಪಾತಾಳದಲ್ಲಿತ್ತು. ಅವರು ಅದನ್ನು ಬಿಟ್ಟು ಮಾತ್ರೆಯ ಗುರುತನ್ನೇ ನೋಡುತ್ತಿದ್ದರು.

“ಸರ್, ಮೊದಲ ಮಾತ್ರೆ ಪೂಜೆ ಆದ ಮೇಲೆ ತಗೊಂಡಿದೀರಿ, ದಿನಾ. ಹೋದ ಸಲ ಆರು ಗಂಟೆಗೇ ಒತ್ತಿತ್ತಲ್ಲ?”

“ಅದು ಒತ್ತಿದ್ದು ನಾನು” ಎಂದಳು ಅಕ್ಕ. “ಒತ್ತದೇ ಇದ್ರೆ ಸುಮ್ಮನಾಗಲ್ವಲ್ಲ ಅದು. ಕೈಯೆಲ್ಲ ಹಿಟ್ಟು, ಮೇಲೆ ಇದರ ಗಲಾಟೆ.”

ಡಾಕ್ಟರು ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡರು. “ಹಾಗಾದ್ರೆ ಇಷ್ಟು ವರ್ಷದಿಂದ ಬೆಳಗಿನ ಮಾತ್ರೆ ಅಂದ್ರೆ ಪೂಜೆ ಆದ ಮೇಲೆ?”

“ಪೂಜೆಗೆ ಮುಂಚೆ ಬಾಯಿಗೆ ಏನೂ ಹಾಕೋ ಪದ್ಧತಿ ಇಲ್ಲ ತಾಯಿ” ಎಂದರು ಭಾವ. “ನೀವು ಬೆಳಿಗ್ಗೆ ಅಂದ್ರಿ. ನಮಗೆ ಪೂಜೆ ಮುಗಿದ ಮೇಲೇ ಬೆಳಿಗ್ಗೆ.”

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ರಾತ್ರಿಯ ಮಾತ್ರೆಯ ಬಲ ಬೆಳಗಾಗುವ ಮೊದಲೇ ಮುಗಿದಿರುತ್ತದೆ. ಬೆಳಗಿನದು ಇನ್ನೂ ಹೊಟ್ಟೆ ಸೇರಿರುವುದಿಲ್ಲ. ದಿನದಲ್ಲಿ ಮೈಯೊಳಗೆ ಔಷಧವೇ ಇಲ್ಲದ ಹೊತ್ತು ಯಾವುದೋ ಅದನ್ನೇ ಆರಿಸಿಕೊಂಡು ಭಾವ ಅತಿ ಸೂಕ್ಷ್ಮದ ಕೆಲಸಕ್ಕೆ ಕೂರುತ್ತಿದ್ದಾರೆ. “ನಿಮಗೆ ಜಾಸ್ತಿ ಔಷಧ ಬೇಡ. ಕಮ್ಮೀನೂ ಬೇಡ. ಅದೇ ಮಾತ್ರೆ, ಎದ್ದ ತಕ್ಷಣ, ಬರೀ ನೀರಲ್ಲಿ. ಆಮೇಲೆ ಸ್ನಾನ ಮಾಡಿ, ಮಡಿ ಉಡಿ. ಅಷ್ಟೊತ್ತಿಗೆ ಕೈಗೆ ಬಂದಿರುತ್ತೆ. ಕಾಯಿಲೆ ಹೋಗಲ್ಲ ಸರ್. ಆ ಹೊತ್ತನ್ನ ವಾಪಸ್ ಕೊಡಬಹುದು.”

ಭಾವ ಮತ್ತೆ ಮಿದುಳಿನ ಚಿತ್ರದ ಕಡೆ ನೋಡಿದರು. ಅಕ್ಕ ಅವರ ಕಡೆ ತಿರುಗಿದಳು.

“ರೀ, ಕ್ವಾರ್ಟರ್ಸಿನ ಆ ತಮಿಳರ ಮನೇಲಿ ಸತ್ಯನಾರಾಯಣ ಪೂಜೆ. ಯಜಮಾನರು ಸಕ್ಕರೆ ಕಾಯಿಲೆ ಇಂಜೆಕ್ಷನ್ ತಗೊಳ್ಳೋದಾ ಬೇಡ್ವಾ ಅಂತ ಒದ್ದಾಡ್ತಿದ್ರು. ನೀವೇನಂದ್ರಿ?”

“ಏನಂದೆ?”

“ಔಷಧ ಆಹಾರ ಅಲ್ಲ, ಚುಚ್ಚಿಸ್ಕೊಂಡು ಬಂದು ಮಣೆ ಮೇಲೆ ಕೂತ್ಕೊಳ್ಳಿ ಅಂದ್ರಿ. ಗದರಿಸಿ ಬೇರೆ ಹೇಳಿದ್ರಿ.”

“ಅದು ಅವರಿಗೆ ಹೇಳಿದ್ದು.”

“ನನಗೂ ಸ್ವಲ್ಪ ಹೇಳಿ ಸರ್” ಎಂದರು ಡಾಕ್ಟರು, ಪೆನ್ನು ಹಿಡಿದು. “ಚೀಟಿ ಮೇಲೆ ಬರ್ಕೋಬೇಕು.”

ಊರಿನ ಪ್ರತಿಯೊಬ್ಬರಿಗೂ ರಿಯಾಯಿತಿ ಕೊಟ್ಟು, ತನಗೊಂದನ್ನೂ ಇಟ್ಟುಕೊಳ್ಳದ ಮನುಷ್ಯ ಎರಡು ಹೆಂಗಸರ ನಡುವೆ ಸಿಕ್ಕಿಕೊಂಡಿದ್ದರು. ಭಾವ ಅಕ್ಕನನ್ನು ನೋಡಿದರು. ಅವಳು ಕಣ್ಣು ಕೆಳಗೆ ಮಾಡಲಿಲ್ಲ.

“ಬರ್ಕೊಳ್ಳಿ ತಾಯಿ” ಎಂದರು. “ಔಷಧ ಆಹಾರ ಅಲ್ಲ.”

ಇದಾಗಿ ಒಂದು ವರ್ಷ ಕಳೆದಿದೆ. ಭಾವ ಎದ್ದ ಕೂಡಲೇ ಮಾತ್ರೆ ನುಂಗಿ ಸ್ನಾನಕ್ಕೆ ಹೋಗುತ್ತಾರೆ. ಅಭಿಷೇಕವನ್ನು ಅವರೇ ಮಾಡುತ್ತಾರೆ. ಆರತಿಯ ತಟ್ಟೆ ಅಕ್ಕ ಹಿಡಿಯುತ್ತಾಳೆ. ದೇವರ ಪೆಟ್ಟಿಗೆ ಓಲ್ಡ್ ಟೌನಿನ ಮನೆಯಲ್ಲೇ ಇದೆ.